ಮಾವನ ಇಪ್ಪತ್ತಮೂರು ಮಾತುಗಳು

ಗಗನಯಾತ್ರಿಯಾಗುತ್ತೇನೆಂದು ನಾನು ಹೇಳಿದ ದಿನದಿಂದ ಮಾವ, ಅಮ್ಮನ ಅಣ್ಣ, ಹೀಯಾಳಿಸುತ್ತಿದ್ದರು. “ಎಂತ ಮಾರಾಯ್ತಿ, ನಿನ್ನ ರಾಕೆಟ್ ಕಾವೂರಾದರೂ ದಾಟಿತಾ?” ಪ್ರತಿ ಮಾತನ್ನೂ ತಾರೀಕು ಹಾಕಿ ಡೈರಿಯಲ್ಲಿ ಬರೆದಿಟ್ಟೆ. ಒಟ್ಟು ಇಪ್ಪತ್ತಮೂರು.

ಆಮೇಲೆ ಸೇನೆಯಲ್ಲಿ ಎಂಜಿನಿಯರ್ ಆದೆ. ಹೂತಿಟ್ಟ ಪ್ರತಿ ನೆಲಬಾಂಬಿನ ಜಾಗವನ್ನೂ ಅಲ್ಲಿ ನಕ್ಷೆಯಲ್ಲಿ ಗುರುತಿಸುತ್ತೇವೆ. ತೆಗೆಯುವಾಗ ಒಂದು ಕಡಿಮೆಯಾದರೂ ಆ ನೆಲದಲ್ಲಿ ಯಾರೂ ಕಾಲಿಡುವಂತಿಲ್ಲ.

ಈ ವರ್ಷ ಗಗನಯಾತ್ರಿಗಳ ತರಬೇತಿಗೆ ಆಯ್ಕೆಯಾದೆ. ಮಾವ ತಮ್ಮ ಹೋಟೆಲಿನಲ್ಲೇ ಸನ್ಮಾನ ಇಟ್ಟು, ಮೈಕ್ ಹಿಡಿದು, “ಇವಳಿಗೆ ಧೈರ್ಯ ತುಂಬಿದ್ದೇ ನಾನು” ಎಂದರು. ನನ್ನ ಸರದಿ ಬಂದಾಗ ಡೈರಿ ತೆರೆದು, ತಾರೀಕು ಸಮೇತ ಅವರ ಮಾತುಗಳನ್ನು ಒಂದೊಂದಾಗಿ ಓದಿದೆ. ನೆಂಟರು ಮೊದಲು ನಕ್ಕರು, ಐದನೆಯದಕ್ಕೆ ಮಾವನ ಮುಖ ನೋಡತೊಡಗಿದರು.

ಇಪ್ಪತ್ತೆರಡಕ್ಕೆ ನಿಲ್ಲಿಸಿದೆ. ಉಳಿದದ್ದು ಅಪ್ಪ ತೀರಿಹೋದ ವಾರ ಮಾವ ಅಡುಗೆಮನೆಯಲ್ಲಿ ಅಮ್ಮನಿಗೆ ಹೇಳಿದ್ದು: “ನಿನ್ನ ಪಾಲಿನ ಜಾಗ ನನ್ನ ಹೆಸರಿಗೆ ಬರೆ. ಇವಳನ್ನು ಯಾರಿಗಾದರೂ ಮದುವೆ ಮಾಡಿ ಕೊಟ್ಟುಬಿಡುವ.” ಬಾಗಿಲ ಹಿಂದೆ ನಾನಿದ್ದದ್ದು ಅವರಿಗೆ ಗೊತ್ತಿಲ್ಲ.

ಈಗ ಜೆಪ್ಪುವಿನ ನಮ್ಮ ಮನೆಗೆ ಬಂದಾಗಲೆಲ್ಲ ಮಾವ ದನಿ ತಗ್ಗಿಸಿ ಕೇಳುತ್ತಾರೆ, “ಆ ಪುಸ್ತಕದಲ್ಲಿ ಇನ್ನೂ ಉಂಟಾ?”

“ಒಂದು ಉಂಟು ಮಾವ,” ಎನ್ನುತ್ತೇನೆ. ಯಾವುದೆಂದು ಹೇಳುವುದಿಲ್ಲ.