ಕಾರಹುಣ್ಣಿಮೆಯ ಬಣ್ಣ ಮತ್ತು ಬೊಮ್ಮಪ್ಪನ ದೀಪ

ಚಿಗಟೇರಿಯ ಬೊಮ್ಮಪ್ಪನ ಮೋಟಾರ್ ಸೈಕಲ್ಲು ತಳ್ಳಿದರೆ ಮಾತ್ರ ಓಡುತ್ತಿತ್ತೆಂದು ಹೇಳುವವರು ಇಂದಿಗೂ ಇದ್ದಾರೆ. ಅದು ಶುದ್ಧ ಸುಳ್ಳು. ಒಂದೇ ಒದೆತಕ್ಕೆ ಶುರುವಾಗುತ್ತಿದ್ದ ಗಾಡಿ ಅದು. ಇದ್ದ ಕೊರತೆ ಒಂದೇ: ಅದರ ಆರು ವೋಲ್ಟಿನ ದೀಪ ರಸ್ತೆಗಿಂತ ಮುಂದಿನ ಮಡ್‌ಗಾರ್ಡನ್ನೇ ಹೆಚ್ಚು ಬೆಳಗುತ್ತಿತ್ತು.

ಬೊಮ್ಮಪ್ಪ ವಿದ್ಯುತ್ ಮಂಡಳಿಯಲ್ಲಿ ಲೈನ್‌ಮನ್ ಆಗಿದ್ದು, ೧೯೯೭ರಲ್ಲಿ ನಿವೃತ್ತನಾದವನು. ಹೆಂಡತಿ ಭರಮಮ್ಮ ಹರಪನಹಳ್ಳಿಯ ಬಸ್ ನಿಲ್ದಾಣದ ಎದುರು ಹೂ ಮಾರುತ್ತಿದ್ದಳು. ಹಡಗಲಿಯ ಮಲ್ಲಿಗೆಯ ಗಂಟು ಮೊದಲ ಬಸ್ಸಿಗೆ ಬರುತ್ತಿದ್ದುದರಿಂದ ಗಂಡಹೆಂಡಿರು ಕೋಳಿ ಕೂಗುವ ಮುನ್ನವೇ ಊರು ಬಿಡಬೇಕಿತ್ತು. ನಿವೃತ್ತಿಯ ಮೇಲೆ ಬೊಮ್ಮಪ್ಪನ ಪಾಲಿಗೆ ಉಳಿದ ಹೆಮ್ಮೆಯ ಕೆಲಸ, ಅವಳನ್ನು ಗಾಡಿಯಲ್ಲಿ ಅಲ್ಲಿಗೆ ಮುಟ್ಟಿಸುವ ಅದೊಂದೇ. ಭರಮಮ್ಮ ಹಿಂದೆ ಕೂತು ದಾರಿಯುದ್ದಕ್ಕೂ ಅವನ ಬೆನ್ನಿಗೆ ಊರ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು. ಮನೆಯಲ್ಲಿ ಅವಳಿಗೆ ಅಷ್ಟು ಮಾತಿಗೆ ಪುರುಸೊತ್ತಿರಲಿಲ್ಲ.

ಮರುವರ್ಷದ ಮಳೆಗಾಲದಲ್ಲಿ ಒಂದು ದಿನ ದೀಪ ಮಂಕಾಗಿ ಗಾಡಿ ಜಾಲಿಕಂಟಿಗೆ ನುಗ್ಗಿತು. ಯಾರಿಗೂ ಗಾಯವಾಗಲಿಲ್ಲ, ಸೀರೆ ಹರಿಯಿತು. ಭರಮಮ್ಮನ ತಮ್ಮ ಗಂಗಪ್ಪನಿಗೆ ಒಂದು ಟೆಂಪೋ ಇತ್ತು. ಅವನಿಗೆ ಅಷ್ಟೇ ಸಾಕಾಯಿತು.

"ಊರಿಗೆಲ್ಲ ಕರೆಂಟ್ ಕೊಟ್ಟು ಬಂದಿ ಮಾವ, ನಿನ್ನ ಗಾಡ್ಯಾಗ ನೋಡಿದ್ರ ಬುಡ್ಡಿದೀಪ ಐತಿ. ಅಕ್ಕಾ, ನಾಳಿಂದ ನನ್ನ ಟೆಂಪೋದಾಗ ಬಾ. ಇದನ್ನ ಗುಜರಿಗೆ ಹಾಕೋಣು."

ಭರಮಮ್ಮ ತಮ್ಮನನ್ನೂ ನೋಡಿದಳು, ಗಂಡನನ್ನೂ ನೋಡಿದಳು. "ಅಮಾಸಿ ತನಕ ನೋಡ್ತೀನ್ರಿ. ದೀಪ ನೆಟ್ಟಗಾದ್ರ ನಿಮ್ಮ ಗಾಡಿ ಮ್ಯಾಲ, ನಿಮ್ಮ ಬೆನ್ನ ಹಿಂದ. ಇಲ್ಲಾಂದ್ರ ಟೆಂಪೋ."

ಬೊಮ್ಮಪ್ಪ ಗಾಡಿಯಲ್ಲಿ ಕರೆಂಟು ಹುಟ್ಟಿಸುವ ಕಾಯಿಲನ್ನು ಕೊಟ್ಟೂರಿಗೆ ಒಯ್ದು ಹನ್ನೆರಡು ವೋಲ್ಟಿಗೆ ಹೊಸದಾಗಿ ಸುತ್ತಿಸಿದ. ಬ್ಯಾಟರಿ, ಬಲ್ಬು, ಹಾರನ್ನು ಎಲ್ಲವನ್ನೂ ಅದಕ್ಕೆ ತಕ್ಕಂತೆ ಬದಲಿಸಿದ. ಬ್ಯಾಟರಿಗೆ ಹದವರಿತು ಕರೆಂಟು ತುಂಬುವ ರೆಗ್ಯುಲೇಟರ್ ಡಬ್ಬಿ ಹಳೆಯ ಜಾಗಕ್ಕೆ ಹಿಡಿಯಲಿಲ್ಲವಾಗಿ, ಹರಪನಹಳ್ಳಿಯ ಮೆಕ್ಯಾನಿಕ್ ದುರುಗಣ್ಣ ಅದನ್ನು ಸೀಟಿನ ಕೆಳಗಿನ ಪಟ್ಟಿಗೆ ಬೋಲ್ಟು ಹಾಕಿ ಬಿಗಿದ. ಅಂದು ದೀಪ ಹಾಕಿದಾಗ ಓಣಿಯ ನಾಯಿಗಳು ಬೊಗಳುವುದನ್ನೇ ಮರೆತವು.

ವಾರದೊಳಗೆ ದೀಪ ಮತ್ತೆ ಮಂಕಾಯಿತು.

"ಬ್ಯಾಟ್ರಿ ಸತ್ತೈತ್ರಿ ಯಜಮಾನ್ರ," ಎಂದ ದುರುಗಣ್ಣ.

ಏನೇ ಕೆಟ್ಟರೂ ಬ್ಯಾಟರಿಯ ತಲೆಗೆ ಕಟ್ಟುವ ಈ ದುರಭ್ಯಾಸಕ್ಕೆ ಕ್ಷಮೆಯಿಲ್ಲ. "ಸತ್ತದ್ದು ಅಂಗಡ್ಯಾಗ ಚಾರ್ಜ್ ಮಾಡಿದ್ರ ಹೆಂಗ ಎದ್ದು ಕುಂದರತೈತಿ?" ಎಂದು ಬೊಮ್ಮಪ್ಪ ಕೇಳಿದ. "ಕೊಟ್ಟಿದ್ದನ್ನ ಇಟ್ಕಂತೈತಿ. ಗಾಡಿನ ಅದಕ್ಕ ಏನೂ ಕೊಡವಲ್ದು."

"ಹಂಗಾರ ನಿಮ್ಮ ಕೊಟ್ಟೂರು ಕಾಯಿಲ್ ಖೊಟ್ಟಿ."

ಅದನ್ನೂ ಬಾಯಿಮಾತಿಗೆ ಬಿಡಲಿಲ್ಲ ಬೊಮ್ಮಪ್ಪ. ಮೀಟರು ತಂದು ನೋಡಿದ. ಕಾಯಿಲಿನಿಂದ ಕರೆಂಟು ಧಾರಾಳವಾಗಿ ಬರುತ್ತಿತ್ತು. ಬ್ಯಾಟರಿಯ ಬಳಿ ಮಾತ್ರ, ಚಾರ್ಜ್ ಆಗುವಾಗ ಹದಿನಾಲ್ಕು ತೋರಬೇಕಾದ ಮುಳ್ಳು ಹನ್ನೆರಡರ ಮೇಲೆ ಏಳಲೊಲ್ಲದು. ರೆಗ್ಯುಲೇಟರನ್ನು ಬದಲಿಸಿದರೂ ಅದೇ ಕಥೆ. ನಾಳೆಯೇ ಅಮಾವಾಸ್ಯೆ. ಗಂಗಪ್ಪ ಆಗಲೇ ಟೆಂಪೋದಲ್ಲಿ ಅಕ್ಕನ ಬುಟ್ಟಿಗೆ ಜಾಗ ಮಾಡಿಸಿದ್ದ.

ಬಾವಿಕಟ್ಟೆಯ ಮೇಲೆ ಕೂತು ಬೊಮ್ಮಪ್ಪ ಗಾಡಿಯನ್ನು ಕಂಬದ ಮೇಲಿನ ಟ್ರಾನ್ಸ್‌ಫಾರ್ಮರಿನಂತೆ ನೋಡಿದ. ಬಂದ ಕರೆಂಟಿಗೆ ಮರಳಿ ಹೋಗುವ ದಾರಿ ಬೇಕು; ಗಾಡಿಯಲ್ಲಿ ಆ ದಾರಿ ಅದರ ಕಬ್ಬಿಣದ ಮೈಯೇ. ಎಂಜಿನ್ ಶುರು ಮಾಡಿ, ಒಂದು ತುಂಡು ತಂತಿಯ ಒಂದು ತುದಿಯನ್ನು ರೆಗ್ಯುಲೇಟರಿನ ಮೈಗೂ ಇನ್ನೊಂದನ್ನು ಎಂಜಿನ್ನಿಗೂ ತಾಗಿಸಿದ. ಮುಳ್ಳು ಹದಿನಾಲ್ಕಕ್ಕೆ ಜಿಗಿಯಿತು. ತಂತಿ ತೆಗೆದ, ಮುಳ್ಳು ಬಿತ್ತು.

ಡಬ್ಬಿಯನ್ನು ಬಿಚ್ಚಿ ಚಾಕುವಿನಿಂದ ಪಟ್ಟಿಯನ್ನು ಕೆರೆದ. ಮೊದಲು ನೀಲಿ ಬಂತು. ಅದರಡಿ ಗಿಣಿಹಸಿರು, ಅದರಡಿ ಕೆಂಪು, ಮತ್ತೆ ನೀಲಿ. ಕಬ್ಬಿಣ ಎಲ್ಲಿಯೂ ಇಲ್ಲ.

ಬೊಮ್ಮಪ್ಪನ ಮನೆಯಲ್ಲಿ ಎತ್ತುಗಳಿರಲಿಲ್ಲ. ಕಾರಹುಣ್ಣಿಮೆಯಂದು ಓಣಿಯವರೆಲ್ಲ ಎತ್ತಿನ ಮೈತೊಳೆದು ಕೋಡಿಗೆ ಬಣ್ಣ ಬಳಿಯುವಾಗ ಅವನಿಗೆ ಸುಮ್ಮನೆ ಕೂರಲಾಗದು. "ಇದ ನಮ್ಮೆತ್ತು," ಎಂದು ಪ್ರತಿ ವರ್ಷ ಗಾಡಿಗೆ ಆ ವರ್ಷದ ಕೋಡಿನ ಬಣ್ಣವನ್ನೇ, ಒಂದಂಗುಲವೂ ಬಿಡದೆ ಬಳಿಯುತ್ತಿದ್ದ. ಆ ಬಣ್ಣದ ಗೋಡೆಯನ್ನು ದಾಟಿ ಕರೆಂಟು ಹೋಗುವುದಾದರೂ ಹೇಗೆ? ಸೇವೆಯುದ್ದಕ್ಕೂ 'ಮೊದಲು ಅರ್ಥಿಂಗ್ ನೋಡ್ರಿ, ಉಳಿದದ್ದು ಆಮ್ಯಾಲೆ' ಎಂದು ಕಿರಿಯರನ್ನು ಗದರಿದ ಮನುಷ್ಯ ತನ್ನ ಅರ್ಥಿಂಗನ್ನು ತಾನೇ ಬಣ್ಣದಲ್ಲಿ ಮುಚ್ಚಿದ್ದ.

ಭರಮಮ್ಮ ಬಾಗಿ ಆ ಬಣ್ಣದ ಪದರುಗಳನ್ನು ನೋಡಿದಳು. "ಎತ್ತಿಗೆ ಕೋಡಿಗೆ ಬಳೀತಾರ್ರಿ. ಗೊರಸಿಗೂ ಬಳೀತಾರೇನು?"

"ಗಂಗಪ್ಪಗ ಹೇಳಬ್ಯಾಡಲೇ."

"ಹೇಳದ ಬಿಡ್ತೀನೇನು?"

ಬೊಮ್ಮಪ್ಪ ಪಟ್ಟಿಯನ್ನು ಬೆಳ್ಳಗೆ ಹೊಳೆಯುವಂತೆ ಉಜ್ಜಿ ಡಬ್ಬಿಯನ್ನು ಬಿಗಿದ. ಮುಂದೆ ಮೋಸವಾಗದಂತೆ ಅಲ್ಲಿಂದ ಬ್ಯಾಟರಿಗೆ ಒಂದು ದಪ್ಪ ತಂತಿಯನ್ನೂ ಎಳೆದ.

ಅಮಾವಾಸ್ಯೆಯ ನಸುಕಿನಲ್ಲಿ ಗಂಗಪ್ಪನ ಟೆಂಪೋ ಹೊರಟಾಗ ಹಿಂದಿನಿಂದ ಬಂದ ಬೆಳಕು ಅವನ ಕನ್ನಡಿಯನ್ನು ತುಂಬಿತು. ದಾಟಿ ಹೋಗುವಾಗ ಭರಮಮ್ಮ ತಮ್ಮನತ್ತ ಕೈಬೀಸಿ, ಗಂಡನ ಬೆನ್ನಿಗೆ ಅರ್ಧಕ್ಕೆ ನಿಂತಿದ್ದ ಸುದ್ದಿಯನ್ನು ಮುಂದುವರಿಸಿದಳು.

ಮರುವರ್ಷದ ಕಾರಹುಣ್ಣಿಮೆಗೆ ಬಣ್ಣದ ಡಬ್ಬಿ ಅವಳ ಕೈಯಲ್ಲಿತ್ತು. ಬೊಮ್ಮಪ್ಪನಿಗೆ ಬಳಿಯಲು ಸಿಕ್ಕಿದ್ದು ಹ್ಯಾಂಡಲಿನ ಎರಡು ತುದಿ ಮಾತ್ರ.