ಹೆಬ್ಬೆರಳ ಕೆಳಗಿದ್ದ ಎರಡು ಸಾಲು

ಇಲಿಯಾಸಣ್ಣ, ಆ ಎರಡು ಸಾಲನ್ನು ನಾನು ಓದಿದ್ದೆ. ಕಣ್ಣಲ್ಲಿ ಓದಿದೆ, ಬಾಯಲ್ಲಿ ಓದಲಿಲ್ಲ — ಅವುಗಳ ಮೇಲೆ ಹೆಬ್ಬೆರಳು ಇಟ್ಟುಬಿಟ್ಟೆ. ಶೆಟ್ಟಿಹಳ್ಳಿಯ ನಿಮ್ಮ ಗಾಡಿ ರಿಪೇರಿ ಶೆಡ್ಡು ಮುಚ್ಚಿದ್ದು ಆ ಹೆಬ್ಬೆರಳಿನಿಂದ. ನಮ್ಮ ಕಾರಿಗೆ ನೀವು ಹಾಕಿದ ಸ್ಪಾರ್ಕ್ ಪ್ಲಗ್ಗಿನಿಂದಲ್ಲ. ಇದು ಎರಡು ವರ್ಷದಿಂದ ನನಗೆ ಗೊತ್ತು, ನನ್ನೊಬ್ಬಳಿಗೇ ಗೊತ್ತು.

ಚರ್ಚಾಸ್ಪರ್ಧೆಗೆ ತಯಾರಾಗುವಾಗ ನಾವು ಬೇಗ ಕಲಿಯುವ ವಿದ್ಯೆ ಅದು. ನಿನ್ನ ವಾದಕ್ಕೆ ಬೇಕಾದ ಸಾಲನ್ನು ಜೋರಾಗಿ ಓದು. ಬೇಡದ ಸಾಲನ್ನು ಎದುರಾಳಿ ಹುಡುಕಿಕೊಳ್ಳಲಿ. ಚೀಟಿಯಲ್ಲಿ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಆದರೆ ವೇದಿಕೆಯ ಮೇಲೆ ಎದುರಾಳಿಯ ಕೈಯಲ್ಲೂ ಅದೇ ಕಾಗದ ಇರುತ್ತದೆ. ನಿಮಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು — ಗೊತ್ತಿದ್ದೇ...

ಅಪ್ಪ ಆ ಸೆಕೆಂಡ್ ಹ್ಯಾಂಡ್ ಟರ್ಬೊ ಕಾರು ಕೊಂಡ ಹೊಸತು. ಅಪ್ಪನ ಮೊದಲ ಸ್ಕೂಟರಿನಿಂದ ಹಿಡಿದು ನಮ್ಮ ಮನೆಯ ಎಲ್ಲ ಗಾಡಿಗಳೂ ನಿಮ್ಮ ಕೈಯಲ್ಲೇ ಬದುಕಿದ್ದವು. ಇದನ್ನೂ ಭಾನುವಾರ ನಿಮ್ಮ ಶೆಡ್ಡಿಗೆ ತಂದೆವು. ನೀವು ಬಾನೆಟ್ ಎತ್ತಿ, ಇಂಜಿನ್ ಓಡಿಸಿ, ಕತ್ತು ವಾರೆ ಮಾಡಿ ಕೇಳಿಸಿಕೊಂಡಿರಿ.

“ಸಾವ್ಕಾರ್ರೇ, ಇದು ಟರ್ಬೊ. ಗಾಳೀನ ಒತ್ತಿ ಒತ್ತಿ ಒಳಕ್ಕೆ ತುಂಬ್ತದೆ. ಸಾದಾ ಪೆಟ್ರೋಲು ಆ ಒತ್ತಡ ತಡ್ಕಳಲ್ಲ, ಟೈಮಿಗ್ ಮುಂಚೇನೇ ಹತ್ಕೊಂಡ್‌ಬುಡ್ತದೆ. ತೊಂಬತ್ತೈದು ನಂಬರಿನ ಪ್ರೀಮಿಯಂ ಪೆಟ್ರೋಲು ಹಾಕ್ಸಿ.”

“ಯಾರು ಹೇಳಿದ್ದು?” ಅಂದೆ ನಾನು.

“ಇಂಜಿನ್ನೇ ಹೇಳ್ತದಮ್ಮ. ಟಕಟಕ ಅಂತದೆ.”

“ಇಂಜಿನ್ನು ಸಾಕ್ಷಿಕಟ್ಟೆ ಹತ್ತಲ್ಲ ಅಣ್ಣ. ಪುರಾವೆ ಬೇಕು. ಏನು, ಬಂಕಿನೋರು ನಿಮಗೂ ಏನಾದ್ರೂ ಕೊಡ್ತಾರಾ?”

ಟೀ ಕುಡಿಯುತ್ತಾ ನಿಂತಿದ್ದವರು ನಕ್ಕರು. ನೀವೂ ನಕ್ಕಿರಿ — ಸ್ವಲ್ಪ ತಡವಾಗಿ. ಆ ನಗು ಸಿಕ್ಕಿದ ಮೇಲೆ ನನ್ನನ್ನು ಹಿಡಿಯುವವರಿರಲಿಲ್ಲ. ಕಾರಿನ ಡ್ಯಾಶ್‌ಬೋರ್ಡಿನಿಂದ ಕಂಪನಿ ಕೊಟ್ಟ ಕೈಪಿಡಿ ತೆಗೆದು ಪುಟ ತಿರುಗಿಸಿದೆ. ಸಿಕ್ಕಿತು. ‘ಕನಿಷ್ಠ ತೊಂಬತ್ತೊಂದು ಆಕ್ಟೇನ್’ — ಆಕ್ಟೇನ್ ಎಂದರೆ ನೀವು ಹೇಳಿದ ಆ ನಂಬರು, ತೊಂಬತ್ತೊಂದು ಅಂದರೆ ಬಂಕಿನಲ್ಲಿ ಸಿಗುವ ಸಾದಾ ಪೆಟ್ರೋಲೇ. ಗಂಟಲೆತ್ತಿ ಓದಿ, ಕನ್ನಡದಲ್ಲೂ ಹೇಳಿದೆ. ಅದರ ಕೆಳಗೇ ಇದ್ದದ್ದು ಆ ಎರಡು ಸಾಲು: ಈ ಇಂಜಿನ್ನಿಗೆ ತೊಂಬತ್ತೈದು ಒಳ್ಳೆಯದು, ಬಿಸಿಲಲ್ಲಿ ಭಾರ ಹೊತ್ತು ಓಡಿಸುವಾಗ ಅದನ್ನೇ ಬಳಸಿ. ಟಕಟಕ ಸದ್ದು ನಿಲ್ಲದೆ ಬಂದರೆ ಓಡಿಸಬೇಡಿ, ಇಂಜಿನ್ ಹಾಳಾದೀತು.

ನಾನು ಸುಳ್ಳು ಹೇಳಲಿಲ್ಲ, ಓದಿದ್ದು ಅಕ್ಷರಶಃ ನಿಜ ಎಂದು ಎಷ್ಟು ಸಲ ನನಗೆ ನಾನೇ ವಾದಿಸಿಕೊಂಡಿದ್ದೇನೆ! ಎಷ್ಟೋ ಟರ್ಬೊ ಗಾಡಿಗಳು ಸಾದಾ ಪೆಟ್ರೋಲಿನಲ್ಲೇ ಸುಖವಾಗಿ ಓಡುತ್ತವೆ, ಅದೂ ನಿಜ. ಆದರೆ ಅಲ್ಲಿದ್ದ ಪ್ರಶ್ನೆ ಎಷ್ಟೋ ಗಾಡಿಗಳದ್ದಲ್ಲ. ನಮ್ಮ ಗಾಡಿಯದು. ಅದರ ಉತ್ತರ ನನ್ನ ಹೆಬ್ಬೆರಳ ಕೆಳಗಿತ್ತು.

“ಪುಸ್ತಕದಲ್ಲಿ ಅಂಗಿದ್ರೆ ಮುಗೀತಲ್ಲ,” ಅಂದಿರಿ ನೀವು, ಕೈ ಒರೆಸಿಕೊಳ್ಳುತ್ತಾ. “ನಮ್ ಲಾಯರಮ್ಮ ಓದಿದ್ಮೇಲೆ ಇನ್ನೇನೈತೆ.”

ಅಪ್ಪನಿಗೆ ಇಂಗ್ಲಿಷ್ ಬರುತ್ತದೆ. ಆದರೆ ಕನ್ನಡಕವನ್ನು ತಮ್ಮ ಬಟ್ಟೆ ಅಂಗಡಿಯಲ್ಲೇ ಬಿಟ್ಟು ಬಂದಿದ್ದರು, ಹೇಗೂ ಮಗಳು ಓದಿದ್ದಳಲ್ಲ.

ಬೇಸಿಗೆ ಬಂತು. ನೀವು ಸರ್ವೀಸ್ ಮಾಡಿ ಹೊಸ ಪ್ಲಗ್ ಹಾಕಿಕೊಟ್ಟಿರಿ. ಆವಾಗಲೂ, ‘ಸದ್ದು ಬರ್ತಾ ಐತೆ, ಪೆಟ್ರೋಲ್ ಬದಲಾಯ್ಸಿ ನೋಡಿ’ ಎಂದು ಅಪ್ಪನಿಗೆ ಮೆಲ್ಲಗೆ ಹೇಳಿದ್ದಿರಿ. ಅಪ್ಪ ನನ್ನ ಮುಖ ನೋಡಿದರು. ನಾನು ನಕ್ಕೆ, ಅಷ್ಟೇ. ಅದಾಗಿ ತಿಂಗಳಿಗೆ ಸಿ.ಎಸ್. ಪುರದಲ್ಲಿ ಅತ್ತೆಯ ಮನೆ ಗೃಹಪ್ರವೇಶ. ಐದು ಜನ, ಎ.ಸಿ., ಡಿಕ್ಕಿ ತುಂಬ ಉಡುಗೊರೆಯ ಪಾತ್ರೆ. ಗುಬ್ಬಿ ದಾಟಿದ ಮೇಲೆ ಏರಿನಲ್ಲಿ ಶುರುವಾಯಿತು — ಟಕಟಕ.

“ಅದೇನ್ ಪುಟ್ಟಿ ಸದ್ದು?” ಅಂದರು ಅಪ್ಪ.

“ಪಾತ್ರೆ ಅಪ್ಪ. ಡಿಕ್ಕೀಲಿ.”

ಮೂರು ಸಲ ಕೇಳಿದರು. ಮೂರು ಸಲವೂ ಪಾತ್ರೆ ಅಂದೆ. ನಾಲ್ಕನೆಯ ಸಲ ಕೇಳುವ ಮೊದಲು ಗಾಡಿ ಜೋರಾಗಿ ಒದರಿ ನಿಂತುಹೋಯಿತು.

ತುಮಕೂರಿನ ದೊಡ್ಡ ವರ್ಕ್‌ಶಾಪಿನವರು ಪಿಸ್ಟನ್ ಒಡೆದಿದೆ ಎಂದರು. ಪೆಟ್ರೋಲಿನಿಂದ ಇರಬಹುದು, ತಪ್ಪು ಪ್ಲಗ್ಗಿನಿಂದಲೂ ಇರಬಹುದು, ಹೇಳಲಾಗದು ಎಂದರು. ಉಪ್ಪಾರಹಳ್ಳಿಯ ನಮ್ಮ ನಡುಮನೆಯಲ್ಲಿ ದೊಡ್ಡಪ್ಪ ತೀರ್ಪು ಕೊಟ್ಟೇಬಿಟ್ಟರು: “ನಮ್ಮೋರಾಗಿದ್ರೆ ಹಿಂಗ್ ಮಾಡ್ತಿದ್ರಾ? ಅವತ್ತೇ ಬಡ್ಕೊಂಡೆ ನಾನು.” ಇಂಥ ಮಾತನ್ನು ಸೀಳಿ ಹಾಕಿ ಬಹುಮಾನ ತಂದವಳು ನಾನು. ಆವತ್ತು ಅದರ ಮೇಲೆ ತುಟಿ ಬಿಚ್ಚಲಿಲ್ಲ. ಬದಲಿಗೆ ಒಂದೇ ಒಂದು ಪ್ರಶ್ನೆ ಕೇಳಿದೆ, ತುಂಬ ಸಭ್ಯವಾಗಿ: “ಇಂಜಿನ್ನನ್ನು ಕೊನೆಗೆ ಮುಟ್ಟಿದ್ದು ಯಾರು?” ಒಂದರ ಹಿಂದೆ ಇನ್ನೊಂದು ಬಂದ ಮಾತ್ರಕ್ಕೆ ಮೊದಲಿನದೇ ಕಾರಣವಾಗುವುದಿಲ್ಲ ಎಂದು ಕಿರಿಯರಿಗೆ ಪಾಠ ಹೇಳುತ್ತಿದ್ದವಳು ನಾನೇ.

ಅಪ್ಪ ನಿಮ್ಮನ್ನು ಕರೆಸಿದರು. ನೀವು ಜಗಲಿಯಲ್ಲೇ ನಿಂತಿರಿ. ಒಳಗೆ ಬನ್ನಿ ಎಂದು ಯಾರೂ ಅನ್ನಲಿಲ್ಲ.

“ಪ್ಲಗ್ ಸರಿಯಾದ್ದೇ ಹಾಕಿದೀನಿ ಸಾವ್ಕಾರ್ರೇ.” ಆಮೇಲೆ ನನ್ನ ಕಡೆ ತಿರುಗಿದಿರಿ. “ಆ ಪುಸ್ತಕದಲ್ಲಿ ಪ್ಲಗ್ ನಂಬರೂ ಇರ್ತದೆ. ಒಂಚೂರು ನೋಡಿ ಹೇಳ್‌ಬುಡಮ್ಮ. ನೀನ್ ಹೇಳಿದ್ರೆ ಇವ್ರು ಕೇಳ್ತಾರೆ.”

ಇತ್ತು. ಪ್ಲಗ್ ನಂಬರ್ ಅದೇ ಪುಟದಲ್ಲಿತ್ತು, ಪೆಟ್ರೋಲಿನ ಸಾಲುಗಳ ಮೇಲೆ. ಒಂದನ್ನು ತೋರಿಸಿದರೆ ಇನ್ನೊಂದೂ ಕಾಣುತ್ತಿತ್ತು. ಆ ಹೊತ್ತಿಗೆ ಪುಸ್ತಕ ನನ್ನ ಬೀರುವಿನಲ್ಲಿ, ಪ್ರಶಸ್ತಿಪತ್ರಗಳ ಕೆಳಗೆ.

“ಪುಸ್ತಕ ಸಿಗ್ತಿಲ್ಲ ಅಣ್ಣ,” ಅಂದೆ.

ನೀವು ಚಪ್ಪಲಿ ಮೆಟ್ಟಿಕೊಂಡು ಹೋದಿರಿ.

ಬಿಚ್ಚಿದ ಹಳೆಯ ಸಾಮಾನನ್ನು ಹೊಸದರ ಡಬ್ಬಿಗೇ ಹಾಕಿ ಮಾಲೀಕರಿಗೆ ಒಪ್ಪಿಸುವುದು ನಿಮ್ಮ ರೂಢಿ. ‘ಏನ್ ತೆಗ್ದೆ, ಏನ್ ಹಾಕ್ದೆ, ಗೊತ್ತಿರ್ಲಿ’ ಎನ್ನುತ್ತಿದ್ದಿರಿ. ಮಾರನೆಯ ದಿನ ವರ್ಕ್‌ಶಾಪಿಗೆ ಹೋಗಿ, ಡಿಕ್ಕಿಯಲ್ಲೇ ಉಳಿದಿದ್ದ ಪಾತ್ರೆ ಇಳಿಸುವಾಗ ಪ್ಲಗ್ಗಿನ ಆ ಡಬ್ಬಿ ಸಿಕ್ಕಿತು. ಮನೆಗೆ ತಂದು, ಡಬ್ಬಿಯ ಮೇಲಿನ ನಂಬರನ್ನು ಪುಟದ ಪಕ್ಕ ಇಟ್ಟು ನೋಡಿದೆ. ಒಂದಕ್ಷರವೂ ವ್ಯತ್ಯಾಸವಿರಲಿಲ್ಲ. ಆಗಲಾದರೂ ಓಡಿ ಹೋಗಿ ಹೇಳಬಹುದಿತ್ತು. ಡಬ್ಬಿಯನ್ನೂ ಬೀರುವಿಗೆ ಇಟ್ಟೆ.

ಅಪ್ಪನ ಬೀದಿಯ ಬಟ್ಟೆ ಅಂಗಡಿಯವರೆಲ್ಲ ನಿಮ್ಮ ಗಿರಾಕಿಗಳು. ಒಬ್ಬೊಬ್ಬರಾಗಿ ಬಿಟ್ಟರು. ಅಪ್ಪ ಯಾರಿಗೂ ಬಿಡಿ ಎನ್ನಲಿಲ್ಲ. ಕೇಳಿದವರಿಗೆ ನಡೆದದ್ದು ಹೇಳಿದರು, ಅಷ್ಟೇ. ನಡೆದದ್ದು ಎಂದು ಅವರು ನಂಬಿದ್ದನ್ನು. ಒಂದು ದಿನ ನಿಮ್ಮ ಶೆಡ್ಡಿಗೆ ಬೀಗ ಬಿದ್ದಿತ್ತು. ಕುಣಿಗಲ್ಲಿನಲ್ಲಿ ಯಾರದೋ ಗ್ಯಾರೇಜಿನಲ್ಲಿ ಕೂಲಿಗೆ ಹೋಗುತ್ತೀರೆಂದು ಆಮೇಲೆ ಕೇಳಿದೆ.

ಇನ್ನು ಹೇಳಬೇಕಾದದ್ದು ಇದಕ್ಕಿಂತ ನಾಚಿಕೆಗೇಡಿನದು. ಇಂಜಿನ್ ಹೊಸದಾಗಿ ಕಟ್ಟಿಸಿದ ಮೇಲೆ ಪೆಟ್ರೋಲ್ ಹಾಕಿಸುವ ಕೆಲಸವನ್ನು ನಾನೇ ಕೇಳಿ ವಹಿಸಿಕೊಂಡೆ. ಹಾಕಿಸಿದ್ದು ತೊಂಬತ್ತೈದು. ಮನೆಯಲ್ಲಿ ಹೇಳಿದ್ದು ಸಾದಾ. ಬಂಕಿನ ಚೀಟಿ ಹರಿದು ಹಾಕುತ್ತಿದ್ದೆ. ಗಾಡಿಗೆ ಮತ್ತೆ ಏನೂ ಆಗದಿರಲಿ ಎಂದು ಮಾಡಿದ್ದು. ಆದರೆ ಅದು ಏನಾಯಿತು ನೋಡಿ — ಗಾಡಿ ಬೆಣ್ಣೆಯ ಹಾಗೆ ಓಡತೊಡಗಿತು, ಅಪ್ಪ ಸಿಕ್ಕಸಿಕ್ಕವರಿಗೆ, “ಅದೇ ಸಾದಾ ಪೆಟ್ರೋಲು ಕಣಯ್ಯಾ. ಇಲಿಯಾಸನ ಕೈ ತಪ್ಪಿದ್ಮೇಲೆ ಒಂದ್ ಸದ್ದಿಲ್ಲ,” ಎನ್ನತೊಡಗಿದರು. ನಾನು ತುಂಬಿಸಿದ ಒಂದೊಂದು ಟ್ಯಾಂಕೂ ನಿಮ್ಮ ವಿರುದ್ಧ ಒಂದೊಂದು ಸಾಕ್ಷಿ. ನಿಲ್ಲಿಸಿದರೆ ಇಂಜಿನ್ ಹೋಗುತ್ತದೆ. ಮುಂದುವರಿಸಿದರೆ ನೀವು ಇನ್ನಷ್ಟು ತಪ್ಪಿತಸ್ಥರಾಗುತ್ತೀರಿ. ಎರಡೂ ಬಾಗಿಲಿಗೆ ಬೀಗ ಹಾಕಿದವಳು ನಾನೇ — ಮೂರನೆಯದು ತೆರೆದೇ ಇತ್ತು, ಅದರತ್ತ ನೋಡುತ್ತಿರಲಿಲ್ಲ.

ಒಮ್ಮೆ ಅಪ್ಪ ಜೊತೆಗಿದ್ದರು. ಗುಬ್ಬಿ ರಸ್ತೆಯ ಬಂಕಿನವನು ನನ್ನನ್ನು ಕಂಡವನೇ ಪೈಪ್ ಹಿಡಿದು, “ತೊಂಬತ್ತೈದೇ ತಾನೇ ಮೇಡಂ, ಎಂದಿನಂಗೆ?” ಅಂದ. “ಯಾರನ್ನ ನೋಡಿ ಯಾರು ಅಂತಿದೀಯಪ್ಪ? ಸಾದಾ ಹಾಕು,” ಅಂದೆ. ಅಪ್ಪ ನಕ್ಕರು. ಆ ಟ್ಯಾಂಕ್ ಮುಗಿಯುವವರೆಗೆ ಏರು ಬಂದಾಗಲೆಲ್ಲ ರೇಡಿಯೋ ಜೋರು ಮಾಡಿಕೊಂಡು ಓಡಿಸಿದೆ.

ಕಳೆದ ಗುರುವಾರ ಕುಣಿಗಲ್ ಕೋರ್ಟಿಗೆ ಬಂದಿದ್ದೆ. ನೀವು ತಮಾಷೆಗೆ ಲಾಯರಮ್ಮ ಅನ್ನುತ್ತಿದ್ದಿರಿ. ಈಗ ನಿಜವಾಗಿ ಕರಿ ಕೋಟಿದೆ. ಟೈರಿನ ಗಾಳಿ ಇಳಿದಿತ್ತು, ಹತ್ತಿರ ಕಂಡ ಗ್ಯಾರೇಜಿನ ಮುಂದೆ ನಿಲ್ಲಿಸಿದೆ. ಒಳಗಿಂದ ನೀವೇ ಬಂದಿರಿ. ಬೈಯಲಿಲ್ಲ. ಚಕ್ರ ನೋಡುವ ಮೊದಲು ಬಾನೆಟ್ ಎತ್ತಿಸಿ, ಕತ್ತು ವಾರೆ ಮಾಡಿ, ಕೇಳಿಸಿಕೊಂಡಿರಿ.

“ಚೆನ್ನಾಗೈತೆ. ಈಗ ತೊಂಬತ್ತೈದು ಹಾಕಿಸ್ತಿದೀರ ಅಲ್ವಾ?”

ಒಂದು ‘ಹೂಂ’ ಸಾಕಿತ್ತು, ಇಲಿಯಾಸಣ್ಣ. ಅಲ್ಲಿ ಅಪ್ಪ ಇರಲಿಲ್ಲ, ದೊಡ್ಡಪ್ಪ ಇರಲಿಲ್ಲ. ನಾವಿಬ್ಬರೇ.

“ಇಲ್ಲ ಅಣ್ಣ. ಸಾದಾನೇ.”

ನೀವು ಬಾನೆಟ್ ಮೆಲ್ಲಗೆ ಇಳಿಸಿದಿರಿ.

“ಹಂಗಾರೆ ತಪ್ಪು ನಂದೇ ಇರ್ಬೇಕು ಬುಡಮ್ಮ. ಎಲ್ಲೋ ಕೈ ತಪ್ಪೈತೆ. ಈಗೀಗ ಪ್ಲಗ್ ಹಾಕೋಕ್ ಮುಂಚೆ ಓನರ್‌ಗೆ ಎರಡ್ ಸಲ ತೋರಿಸ್ತೀನಿ. ಕಿವೀನೂ ನಂಬಲ್ಲ.”

ನಿಮ್ಮ ಗಿರಾಕಿಗಳನ್ನು, ಶೆಡ್ಡನ್ನು ಮಾತ್ರ ಕಸಿದಿದ್ದೆ ಎಂದುಕೊಂಡಿದ್ದೆ. ನಿಮ್ಮ ಕಿವಿಯನ್ನೂ ಕಸಿದಿದ್ದೇನೆಂದು ಆವತ್ತು ಗೊತ್ತಾಯಿತು. ನಿಮ್ಮ ಕಿವಿ ಸರಿಯಿತ್ತು. ಆ ಭಾನುವಾರವೂ ಸರಿಯಿತ್ತು, ಗುರುವಾರವೂ.

ಕ್ಷಮಿಸಿ ಎಂದು ಬರೆದು ಹೊಡೆದು ಹಾಕಿದೆ — ಅದನ್ನು ನಿಮ್ಮೆದುರು ನಿಂತು ಕೇಳಬೇಕು, ಕೊಡದಿರುವ ಹಕ್ಕು ನಿಮಗಿರಬೇಕು. ಆ ಪುಟವನ್ನು ಪೂರ್ತಿ ಕನ್ನಡದಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ. ಇನ್ನು ಅದನ್ನು ಯಾರೂ ನಿಮಗೆ ಓದಿ ಹೇಳಬೇಕಾಗಿಲ್ಲ. ಮೊದಲು ಪ್ಲಗ್ ನಂಬರ್ ಇದೆ. ನೀವು ಹಾಕಿದ್ದು ಅದೇ.

ಪುಸ್ತಕ, ಡಬ್ಬಿ ಎರಡೂ ಈಗ ನಡುಮನೆಯ ಮೇಜಿನ ಮೇಲಿವೆ. ಅಪ್ಪ ಅಂಗಡಿಯಿಂದ ಬಂದು ಕೈಕಾಲು ತೊಳೆಯುತ್ತಿದ್ದಾರೆ. “ಏನ್ ಪುಟ್ಟಿ ಅದು? ಓದು,” ಅನ್ನುತ್ತಿದ್ದಾರೆ.

ಇಲ್ಲ ಅಪ್ಪ. ಕನ್ನಡಕ ಹಾಕ್ಕೊಳ್ಳಿ. ನೀವೇ ಓದಿ.