ರೇಸಿನ ಹೆರಾಲ್ಡಿಗೆ ಆದ ಖರ್ಚು

ಎಪ್ಪತ್ಮೂರರ ಮೇ ತಿಂಗಳಲ್ಲಿ ಅಣ್ಣನಿಗೆ ಸ್ಕೂಟರ್ ಬಂತು. ಹೆಸರು ಬರೆಸಿ ಐದು ವರ್ಷವಾಗಿತ್ತು. ಅದನ್ನು ಒಳಗೆ ಹತ್ತಿಸಲೆಂದು ಅಪ್ಪಾಜಿ ರಾಜಾಜಿನಗರದ ನಮ್ಮ ಮನೆಯ ಮೆಟ್ಟಿಲ ಪಕ್ಕ ಸಿಮೆಂಟಿನ ಇಳಿಜಾರನ್ನೂ ಕಟ್ಟಿಸಿದ್ದರು. ಅಣ್ಣ ಬೆಳಿಗ್ಗೆ ಸ್ಕೂಟರ್ ಬಿಡಿಸಿಕೊಂಡ, ಮಧ್ಯಾಹ್ನದೊಳಗೆ ಹೆಚ್ಚಿನ ಬೆಲೆಗೆ ಮಾರಿದ, ಸಂಜೆ ಬಸ್ಸಿನಲ್ಲಿ ಮನೆಗೆ ಬಂದ.

"ರೇಸ್ ಕಾರ್ ಕಟ್ತೀನಿ ಅಪ್ಪಾಜಿ. ಫೆಬ್ರವರೀಲಿ ಮದ್ರಾಸಿನ ಹತ್ರ ಶೋಳಾವರಂ ರೇಸಲ್ಲಿ ಓಡಿಸ್ತೀನಿ."

ಅಪ್ಪಾಜಿ ಸರ್ಕಾರಿ ಕಚೇರಿಯಲ್ಲಿ ಲೆಕ್ಕಪತ್ರ ತಪಾಸಣೆ ಮಾಡುವವರು. ಅವರು ಕೂಗಾಡುವುದಿಲ್ಲ, ಷರತ್ತು ಹಾಕುತ್ತಾರೆ. "ಕೈಯಲ್ಲಿ ಎಷ್ಟಿದೆ?" ಎಂದರು. ಐದು ಸಾವಿರದ ಐನೂರು ಇತ್ತು. "ಅದರೊಳಗೆ ಮುಗೀಬೇಕು. ಒಂದು ರೂಪಾಯಿ ಮೇಲಾದ್ರೂ ಗಾಡಿ ಗುಜರಿಗೆ, ನೀನು ಮತ್ತೆ ಸ್ಕೂಟರಿಗೆ ಹೆಸರು ಬರೆಸ್ಬೇಕು. ಲೆಕ್ಕ ಇವಳು ಬರೀತಾಳೆ."

ಇವಳು ಎಂದರೆ ನಾನು. ಬಿ.ಕಾಂ. ಮೊದಲ ವರ್ಷ. ಹಾಲಿನವನು ತಡವಾಗಿ ಬಂದ ದಿನಗಳನ್ನೂ ದಿನಚರಿಯಲ್ಲಿ ಗುರುತು ಹಾಕಿಡುತ್ತಿದ್ದೆ. ಅಣ್ಣ ನನ್ನನ್ನು ಅಪನಂಬಿಕೆಯಿಂದ ನೋಡಿದ. ಅವನಿಗೆ ಬೇಕಾಗಿದ್ದುದು ಸ್ವಲ್ಪ ಮರೆಗುಳಿಯಾದ ತಂಗಿ.

ಮೊದಲ ಕೆಲಸ ಗಾಡಿ ಆರಿಸುವುದು. ವಿಜಯನಗರದಲ್ಲಿ ಒಂದು ಫಿಯೆಟ್ ಇತ್ತು. ಓಡುತ್ತಿತ್ತು, ಹೇಳಿದ ಬೆಲೆ ನಾಲ್ಕು ಸಾವಿರ. ಕೆಂಗೇರಿಯಲ್ಲಿ ರಾಗಿ ಮಿಲ್ಲಿನ ಹಿಂದೆ ಒಂದು ಹೆರಾಲ್ಡ್ ಕಾರು ನಿಂತಿತ್ತು. ಮೂತಿ ಜಜ್ಜಿಹೋಗಿತ್ತು, ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು, ಬೆಲೆ ಸಾವಿರದ ಒಂಬೈನೂರು. ನಾನು ಪುಟದ ನಡುವೆ ಗೆರೆ ಎಳೆದು ಎರಡನ್ನೂ ಅಕ್ಕಪಕ್ಕ ಬರೆದೆ. ಫಿಯೆಟ್ ಕೊಂಡರೆ ಉಳಿಯುವುದು ಸಾವಿರದ ಐನೂರು, ಆದರೆ ಅದು ಈಗಲೇ ಓಡುತ್ತದೆ. ಹೆರಾಲ್ಡ್ ಕೊಂಡರೆ ಉಳಿಯುವುದು ಹೆಚ್ಚು, ಆದರೆ ಓಡಿಸಲು ಎಷ್ಟು ಬೇಕೋ ಯಾರಿಗೂ ಗೊತ್ತಿಲ್ಲ. ನನ್ನ ಮತ ಫಿಯೆಟ್‌ಗೆ.

"ನಿಂಗೆ ಗೊತ್ತಾಗಲ್ಲ ಕಣೇ," ಎಂದ ಅಣ್ಣ. "ಫಿಯೆಟ್ ಹಗುರ ಮಾಡ್ಬೇಕಂದ್ರೆ ಗರಗಸ ಹಿಡ್ದು ಕುಯ್ಯಬೇಕು. ಹೆರಾಲ್ಡಲ್ಲಿ ಕೆಳಗೆ ಚಾಸಿ ಬೇರೆ, ಮೇಲೆ ಬಾಡಿ ಬೇರೆ. ಸ್ಪ್ಯಾನರ್ ಇದ್ರೆ ಸಾಕು, ಬೇಡದ್ದೆಲ್ಲಾ ಬಿಚ್ಚಿಡಬಹುದು."

"ಕೋಳಿನೂ?"

"ಅದು ಮಿಲ್ಲಿನೋರ್ದು."

ಹೆರಾಲ್ಡ್ ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿಸಿಕೊಂಡು ಮೈಸೂರು ರಸ್ತೆಯಲ್ಲಿ ಬಂತು. ಸ್ಕೂಟರಿಗೆಂದು ಕಟ್ಟಿದ ಇಳಿಜಾರಿನ ಮುಂದೆ ನಿಂತು ನಮ್ಮ ಅಂಗಳವನ್ನೆಲ್ಲ ತುಂಬಿಕೊಂಡಿತು. ಅವ್ವ ಒಣಗಲು ಹಾಕಿದ್ದ ಸಂಡಿಗೆಯನ್ನು ತೆಗೆದು ಕಾರಿನ ಮೇಲೆಯೇ ಹರಡಿದಳು.

ಅಣ್ಣ ಕೈಗಾರಿಕಾ ಎಸ್ಟೇಟಿನ ಒಂದು ಲೇತ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಸಂಜೆ ಆರಕ್ಕೆ ಅಲ್ಲಿನ ಗೆಳೆಯನೊಬ್ಬನನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಬರುತ್ತಿದ್ದ. ಮಾಗಡಿ ರಸ್ತೆಯಿಂದ ಟಿಂಕರಿಂಗ್ ಮಾಡುವ ಸಾಬರೊಬ್ಬರು ಬರತೊಡಗಿದರು. ಜಜ್ಜಿದ ಮೂತಿಯನ್ನು ಸುತ್ತಿಗೆಯಿಂದ ಸರಿ ಮಾಡುವುದು ಅವರ ಪಾಲು. ಇವರು ಮೂವರು ಕೆಲಸ ಮಾಡುವವರು. ನೋಡುವವರು ಇನ್ನೂ ಮೂವರೋ ನಾಲ್ವರೋ ಇರುತ್ತಿದ್ದರು.

ಕಾರನ್ನು ಹಗುರ ಮಾಡುವುದೆಂದರೆ ಕಾರಿನಂತೆ ಕಾಣುವ ಎಲ್ಲವನ್ನೂ ತೆಗೆಯುವುದು ಎಂದು ನನಗೆ ಆಗ ತಿಳಿಯಿತು. ಹಿಂದಿನ ಸೀಟು, ಬಂಪರು, ಬಾಗಿಲ ಗಾಜು, ದೀಪ, ಹಾರನ್ನು ಎಲ್ಲ ಹೋದವು. ಎಷ್ಟು ಕಡಿಮೆಯಾಯಿತು ಎಂದು ಬರೆಯಬೇಕಲ್ಲ? ಪಕ್ಕದ ಬೀದಿಯ ಸೌದೆ ಡಿಪೋಗೆ ಹೊತ್ತುಕೊಂಡು ಹೋಗಿ ದೊಡ್ಡ ತಕ್ಕಡಿಯಲ್ಲಿ ತೂಗಿಸಿದೆವು. ಡಿಪೋದವರು ಸೀಟನ್ನು ತಟ್ಟಿ ನೋಡಿ, "ಇದು ಉರಿಯುತ್ತಾ ಸಾರ್?" ಎಂದು ಕೇಳಿದರು.

ತೂಕ ಇಳಿದಂತೆ ಹಣವೂ ಇಳಿಯಿತು. ಜೆ.ಸಿ. ರಸ್ತೆಯಿಂದ ಇನ್ನೊಂದು ಕಾರ್ಬುರೇಟರ್ ಬಂತು. ಪಿಸ್ಟನ್ ರಿಂಗು, ಬೇರಿಂಗು, ಹೊಸ ಟಯರು ಬಂದವು. ಕಾರು ಮಗುಚಿದರೆ ತಲೆ ಉಳಿಯಲೆಂದು ಒಳಗೆ ಬೆಸೆಯುವ ಕೊಳವೆಯೂ ಹೆಲ್ಮೆಟ್ಟೂ ಬಂದವು. ನಾನು ತಲೆಬರಹಗಳನ್ನು ಮೊದಲೇ ಹಾಕಿಟ್ಟಿದ್ದೆ: ಎಂಜಿನ್, ಟಯರು, ಬಾಡಿ, ಕೂಲಿ, ಇತರೆ. ಆಮೇಲೆ ಒಂದನ್ನು ಹೊಸದಾಗಿ ಸೇರಿಸಿದೆ: ಊಟ.

ಏಕೆಂದರೆ ನಮ್ಮವ್ವ ದಾವಣಗೆರೆ ಕಡೆಯವಳು. ಮನೆಗೆ ಬಂದವರು ಉಣ್ಣದೆ ಹೋಗುವುದು ಅವಳಿಗೆ ಗೊತ್ತಿಲ್ಲ. ಎಲ್ಲರ ಕೈಗೂ ಗ್ರೀಸು, ಹಾಗಾಗಿ ಎಲ್ಲರಿಗೂ ಅಂಗಳದಲ್ಲೇ ತಟ್ಟೆ. ದಿನಾ ಸಂಜೆ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ಬರೇ ನೋಡಲು ಬಂದವರು ಮೊದಲು ಕೂತುಬಿಡುತ್ತಿದ್ದರು. ನಾನು ಜೋಳದ ಹಿಟ್ಟಿನ ಡಬ್ಬಿ ಎಷ್ಟು ದಿನಕ್ಕೆ ಖಾಲಿಯಾಗುತ್ತದೆಂದು ನೋಡಿ ಬರೆದುಕೊಳ್ಳುತ್ತಾ ಬಂದೆ.

ವರ್ಷದ ಕೊನೆಗೆ ಪೆಟ್ರೋಲಿನ ಬೆಲೆ ಏಕಾಏಕಿ ಏರಿತು. ಪರೀಕ್ಷೆಗೆಂದು ಅಂಗಳದಲ್ಲಿ ಎಂಜಿನ್ ಚಾಲು ಮಾಡಿದಾಗಲೆಲ್ಲ ಅಣ್ಣ ನನ್ನ ಮುಖ ನೋಡುತ್ತಿದ್ದ. ಗೆಳೆಯ, "ಬೇಗ ಆಫ್ ಮಾಡು ಗುರು, ಆಡಿಟರಮ್ಮ ಪೆನ್ನು ತೆಗೆದ್ರು," ಎನ್ನುತ್ತಿದ್ದ.

ಜನವರಿಯ ಕೊನೆಯ ಭಾನುವಾರ ಅಪ್ಪಾಜಿ ಕನ್ನಡಕ ಹಾಕಿಕೊಂಡು ವರಾಂಡದಲ್ಲಿ ಕೂತು ಲೆಕ್ಕ ಕೇಳಿದರು. ಅಣ್ಣ ಮತ್ತು ಗೆಳೆಯ ಕಾರಿಗೆ ಒರಗಿ ನಿಂತರು. ಟಿಂಕರಿಂಗಿನವರು ಸುತ್ತಿಗೆ ಕೆಳಗಿಟ್ಟರು.

ಒಟ್ಟು ಐದು ಸಾವಿರದ ಏಳುನೂರ ಎರಡು.

ಅಣ್ಣ ಹಣೆ ಒರೆಸಿಕೊಂಡ. ಹಣೆಗೂ ಗ್ರೀಸು ಹತ್ತಿತು.

ಅಪ್ಪಾಜಿ ಒಂದು ಸಾಲಿನ ಮೇಲೆ ಬೆರಳಿಟ್ಟರು. "ಊಟ, ನಾನೂರ ಹನ್ನೆರಡು. ಇದೇನು?"

"ಬಂದವರು ತಿಂದಿದ್ದು ಅಪ್ಪಾಜಿ. ಖರ್ಚೇ ಅಲ್ವಾ?"

ಅಡುಗೆಮನೆಯಿಂದ ಅವ್ವ ಲಟ್ಟಣಿಗೆ ಹಿಡಿದುಕೊಂಡೇ ಹೊರಗೆ ಬಂದಳು. "ಮನೆಗೆ ಬಂದೋರ ಊಟಕ್ಕೆ ಲೆಕ್ಕ ಬರ್ದೀಯೇನೆ? ಯಾವ ಕಾಲೇಜ್ನಾಗೆ ಹೇಳಿಕೊಟ್ರು ಇದನ್ನ?"

"ಲೆಕ್ಕ ಅಂದ್ಮೇಲೆ ಬರೀಬೇಕು ಕಣೇ," ಎಂದರು ಅಪ್ಪಾಜಿ, ನನ್ನ ಪರವಾಗಿ.

"ಹಂಗಾದ್ರೆ ನಿಮ್ಮ ಆಫೀಸಿನೋರು ಹಬ್ಬಕ್ಕೆ ಬಂದು ಹೋಳಿಗೆ ತಿಂದು ಹೋದ್ರಲ್ಲ, ಅದನ್ನೂ ಬರೀಲಿ. ಅವರಿಗೊಂದು ಬಿಲ್ಲು ಕಳ್ಸೋಣ."

ಅಪ್ಪಾಜಿ ಪುಟ ತಿರುಗಿಸಿದರು. ಮತ್ತೆ ಹಿಂದಕ್ಕೆ ತಿರುಗಿಸಿದರು. "ಕೂಲಿ ಎಲ್ಲಿ? ಎಂಟು ತಿಂಗಳು ಕೆಲಸ ನಡೆದಿದೆ, ಒಂದು ರೂಪಾಯಿನೂ ಇಲ್ಲ."

"ಯಾರೂ ತಗೊಳ್ಳಲಿಲ್ಲ," ಎಂದೆ. ನಿಜವಾಗಿ ಅದೊಂದು ಕಡೆ ನನ್ನ ಪುಟ ಖಾಲಿ ಇದ್ದುದರಿಂದ ನನಗೂ ಕಸಿವಿಸಿಯಾಗಿತ್ತು.

ಅಪ್ಪಾಜಿ ಟಿಂಕರಿಂಗಿನವರ ಕಡೆ ನೋಡಿದರು. "ನಿಮ್ಮದು ಎಷ್ಟಾಯ್ತು?"

"ಏನ್ ಸಾರ್ ಹಂಗಂತೀರಿ. ದಿನಾ ಉಂಡ ಮನೇಲಿ ಕಾಸು ಹೆಂಗೆ ಕೇಳದು?"

"ನಂದಂತೂ ಬಿಡಿ ಅಂಕಲ್," ಎಂದ ಗೆಳೆಯ. "ಇವನ ಜೊತೆ ಸೇರಿ ತೂಕ ಹೆಚ್ಚಾಗಿದೆ. ಕಾರಿಂದ ತೆಗೆದಿದ್ದೆಲ್ಲಾ ನನ್ನ ಹೊಟ್ಟೆಗೆ ಬಂದಿದೆ."

ಅಪ್ಪಾಜಿ ಊಟದ ಸಾಲನ್ನೂ ಕೂಲಿಯ ಖಾಲಿ ಪುಟವನ್ನೂ ಮತ್ತೊಮ್ಮೆ ನೋಡಿದರು. ಆಮೇಲೆ ಕಚೇರಿಯ ದನಿಯಲ್ಲಿ ಹೇಳಿದರು: "ಊಟ ಬರೆದ್ರೆ ಕೂಲಿನೂ ಬರೀಬೇಕು. ಬರೆದ್ರೆ ಗಾಡಿ ಇವತ್ತೇ ಗುಜರಿಗೆ. ಆದ್ರೆ ಇವರು ಕೇಳದೇ ಇರೋ ಕೂಲೀನ ನಾವು ಹೇಗೆ ಬರೆಯೋದು? ಹಾಗೇನೇ ಊಟದ್ದು ನಿಮ್ಮವ್ವ ಕೇಳದೇ ಇರೋ ದುಡ್ಡು. ಎರಡೂ ಈ ಪುಸ್ತಕಕ್ಕೆ ಸೇರಿದ್ದಲ್ಲ. ಹೊಡೆದು ಹಾಕು."

ಹೊಡೆದು ಹಾಕಿದೆ. ಐದು ಸಾವಿರದ ಇನ್ನೂರ ತೊಂಬತ್ತು. ಉಳಿಕೆ ಇನ್ನೂರ ಹತ್ತು. ಅಣ್ಣ ಅವ್ವನ ಲಟ್ಟಣಿಗೆ ಕಿತ್ತುಕೊಂಡು ಒಂದು ಸುತ್ತು ಕುಣಿದ.

"ಸರಿ," ಎಂದರು ಅಪ್ಪಾಜಿ ಕನ್ನಡಕ ತೆಗೆಯುತ್ತಾ. "ಮದ್ರಾಸಿನವರೆಗೆ ಹೇಗೆ ಹೋಗುತ್ತೆ?"

ಅಣ್ಣ ಲಟ್ಟಣಿಗೆಯನ್ನು ಅವ್ವನ ಕೈಗೆ ವಾಪಸು ಕೊಟ್ಟ. ದೀಪವಿಲ್ಲದ, ಹಾರನ್ನಿಲ್ಲದ, ಗಾಜಿಲ್ಲದ ಆ ಗಾಡಿಯನ್ನು ರಸ್ತೆಗೆ ಇಳಿಸಿದರೆ ಮೊದಲ ಪೊಲೀಸನೇ ಹಿಡಿಯುತ್ತಿದ್ದ. ಎಂಟು ತಿಂಗಳು ಎಲ್ಲಕ್ಕೂ ತಲೆಬರಹ ಹಾಕಿದ ನಾನು, ಹೋಗುವುದಕ್ಕೆ ಒಂದನ್ನೂ ಹಾಕಿರಲಿಲ್ಲ. ಗೆಳೆಯ ಓಡಿಹೋಗಿ ಲಾರಿ ಬಾಡಿಗೆ ವಿಚಾರಿಸಿ ಬಂದ. ಆರುನೂರು.

"ಗುಜರಿಯವರು ಎತ್ತಿನ ಗಾಡೀಲಿ ಬರ್ತಾರೆ, ಬಾಡಿಗೆ ಅವರದೇ," ಎಂದರು ಅಪ್ಪಾಜಿ.

ಟಿಂಕರಿಂಗಿನವರು ಕೆಮ್ಮಿದರು. ಮದ್ರಾಸಿನಿಂದ ಯಶವಂತಪುರಕ್ಕೆ ಉಪ್ಪು ತರುವ ಲಾರಿಯ ಚಾಲಕನೊಬ್ಬ ಅವರಿಗೆ ಪರಿಚಯ. ಹೋಗುವಾಗ ಖಾಲಿ ಹೋಗುತ್ತಾನೆ, ಆದರೆ ಬಾಡಿಗೆಯಲ್ಲಿ ಬಹಳ ಗಟ್ಟಿ.

"ಮುಂದಿನ ಸಲ ಯಾವಾಗ ಬರ್ತಾನೆ?" ಎಂದಳು ಅವ್ವ.

"ಗುರುವಾರ, ಅಮ್ಮಾ."

"ಮಧ್ಯಾಹ್ನ ಊಟಕ್ಕೆ ಇಲ್ಲಿಗೇ ಬರಾಕೆ ಹೇಳಪ್ಪ."

ಗುರುವಾರ ಆತ ಬಂದ. ಐದು ರೊಟ್ಟಿ ತಿನ್ನುವವರೆಗೆ ಮುನ್ನೂರೈವತ್ತು ಎನ್ನುತ್ತಿದ್ದ. ಮೊಸರನ್ನಕ್ಕೆ ಬರುವಾಗ ಮುನ್ನೂರಕ್ಕೆ ಇಳಿದಿದ್ದ. ಅವ್ವ ಕೇಳದೆಯೇ ಎರಡನೇ ಸಲ ಬಡಿಸಿದಳು. ಆತ ಕೈ ತೊಳೆದು, ಕಾರನ್ನು ಒಂದು ಸುತ್ತು ನೋಡಿ, "ಡೀಸೆಲ್ ಕಾಸು ನೂರೆಂಬತ್ತು ಕೊಟ್ಬಿಡಿ ಸಾರ್," ಎಂದ. ಉಳಿಕೆ ಮೂವತ್ತು.

ಹಲಗೆ ಹಾಕಿ ಕಾರನ್ನು ಲಾರಿಗೆ ಹತ್ತಿಸಿದ ಮೇಲೆ, ಹಿಂದಿನ ಸೀಟು ಇದ್ದ ಜಾಗದಲ್ಲಿ ಅವ್ವ ಒಣ ರೊಟ್ಟಿಯ ದೊಡ್ಡ ಗಂಟನ್ನು ಇಟ್ಟಳು. ಅಣ್ಣ ಗೋಗರೆದ: "ಅವ್ವಾ, ತೂಕ."

"ಓಡ್ಸೋಕೆ ಮುಂಚೆ ತಿಂದು ಮುಗ್ಸು. ಹಗುರ ಆಗುತ್ತೆ."

ರೇಸಿನಲ್ಲಿ ಹನ್ನೊಂದು ಕಾರುಗಳಿದ್ದವು. ಅಣ್ಣ ಎಂಟನೆಯವನಾಗಿ ಮುಗಿಸಿದ. ಇದು ನಮಗೆ ತಿಳಿದದ್ದು ಮರುವಾರ, ಅವನು ಬಂದ ಮೇಲೆ. ಮಧ್ಯಾಹ್ನ ಒಂದರ ಹೊತ್ತಿಗೆ ಗೇಟಿನ ಮುಂದೆ ಬೇರೆ ಯಾವುದೋ ಲಾರಿ ನಿಂತಿತು. ಮೇಲೆ ಹೆರಾಲ್ಡ್, ಮುಂದೆ ಚಾಲಕನ ಪಕ್ಕದಲ್ಲಿ ಅಣ್ಣ. ಅವನು ಕೆಳಗಿಳಿದು ನನ್ನ ಕಿವಿಯಲ್ಲಿ ಕೇಳಿದ: "ಎಷ್ಟು ಉಳಿದಿದೆ?"

"ಮೂವತ್ತು. ಇವರಿಗೆ ಎಷ್ಟು ಕೊಡ್ಬೇಕು?"

"ಇನ್ನೂ ಮಾತಾಡಿಲ್ಲ ಕಣೇ. ಮನೇಲಿ ಮಾತಾಡೋಣ ಅಂತ ಕರ್ಕೊಂಡು ಬಂದೆ."

ಬರುವುದಕ್ಕೂ ನಾನು ತಲೆಬರಹ ಹಾಕಿರಲಿಲ್ಲ. ಪೆನ್ನು ತರಲು ಒಳಗೆ ತಿರುಗಿದೆ. ಅಷ್ಟರಲ್ಲಿ ಅಪ್ಪಾಜಿ ಬನಿಯನ್ನಿನಲ್ಲೇ ಗೇಟಿನ ಹೊರಗೆ ಹೋಗಿ ಲಾರಿಯ ಕೆಳಗೆ ನಿಂತಿದ್ದರು.

"ಇಳೀರಿ, ಇಳೀರಿ. ಬಾಡಿಗೆ ವಿಷಯ ಆಮೇಲೆ," ಎನ್ನುತ್ತಿದ್ದರು. "ಮೊದಲು ಕೈ ತೊಳ್ಕೊಳ್ಳಿ."